ಬಂಪರ್ ಕೆಳಗಿನ ಕಪ್ಪು ಪಟ್ಟಿ ಬಿಚ್ಚಿಸುವ ಮೊದಲು ಇದನ್ನೊಮ್ಮೆ ಓದಿ

ಪಿಕಪ್ ಟ್ರಕ್ ಇಟ್ಟುಕೊಂಡವರಿಗೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳಲು ಹೊರಟವರಿಗೆ ಒಂದು ಮಾತು. ಮುಂದಿನ ಬಂಪರ್ ಕೆಳಗೆ ಕಪ್ಪು ಪ್ಲಾಸ್ಟಿಕ್ ಪಟ್ಟಿಯೊಂದು ಜೋತುಬಿದ್ದ ಹಾಗೆ ಇರುತ್ತದಲ್ಲ, ಅದಕ್ಕೆ ಏರ್ ಡ್ಯಾಮ್ ಅಂತಾರೆ. ನೋಡೋಕೆ ಚೆನ್ನಾಗಿರಲ್ಲ, ನಿಜ. ಹಂಪ್‌ಗೆ ತಾಗುತ್ತದೆ, ಗಾಡಿ ನಿಲ್ಲಿಸುವಾಗ ಕಟ್ಟೆಗೆ ಉಜ್ಜುತ್ತದೆ. "ಬಿಚ್ಚಿ ಬಿಸಾಕಿ, ಗಾಡಿ ಎತ್ತರವಾಗಿ ಗತ್ತಾಗಿ ಕಾಣುತ್ತೆ, ಏನೂ ಆಗಲ್ಲ" ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ನನ್ನ ಪಿಕಪ್‌ನ ಹಿಂದಿನ ಮಾಲೀಕರು ಆ ಮಾತು ನಂಬಿ ಬಿಚ್ಚಿಸಿದ್ದರು. ಫಲ ಉಂಡಿದ್ದು ನಾನು.

ಕೊಳ್ಳುವಾಗ ಗಾಡಿಯಲ್ಲಿ ಯಾವ ಕುಂದೂ ಕಾಣಲಿಲ್ಲ. ಎಂಜಿನ್ ಸದ್ದು ಮೃದುವಾಗಿತ್ತು, ಟೈರ್ ಚೆನ್ನಾಗಿದ್ದವು, ಸರ್ವಿಸ್ ಮಾಡಿಸಿದ ದಾಖಲೆಗಳನ್ನೂ ಅಚ್ಚುಕಟ್ಟಾಗಿ ಜೋಡಿಸಿ ಕೊಟ್ಟರು. ಊರೊಳಗಿನ ಓಡಾಟದಲ್ಲಿ ಟೆಂಪರೇಚರ್ ಮುಳ್ಳು ಮಧ್ಯದಿಂದ ಕದಲಲೇ ಇಲ್ಲ. ತೊಂದರೆ ಶುರುವಾಗಿದ್ದು ಹಿಂದೆ ಟ್ರೇಲರ್ ಕಟ್ಟಿಕೊಂಡು, ಬಿಸಿಲಲ್ಲಿ ಹೆದ್ದಾರಿ ಹಿಡಿದಾಗ. ಉದ್ದನೆಯ ಏರು. ಮೊದಲು ಎಸಿ ಗಾಳಿಯ ತಂಪು ಕಡಿಮೆಯಾಯಿತು. ಸ್ವಲ್ಪ ಹೊತ್ತಿಗೆ ಮುಳ್ಳು ಮೇಲಕ್ಕೆ ಹೊರಟಿತು. ಎಸಿ ಆರಿಸಿ, ಎಂಜಿನ್ ಬಿಸಿ ಸ್ವಲ್ಪ ಇಳಿಯಲಿ ಅಂತ ಹೀಟರ್ ಪೂರ್ತಿ ಹಾಕಿ, ಬೆವರು ಸುರಿಸುತ್ತಾ ಪಕ್ಕಕ್ಕೆ ತಂದು ನಿಲ್ಲಿಸಿದೆ. ವಿಚಿತ್ರ ಏನೆಂದರೆ, ಎಂಜಿನ್ ಆರಿಸದೆ ಹಾಗೇ ಬಿಟ್ಟರೆ ಮುಳ್ಳು ತಾನಾಗಿಯೇ ಮಧ್ಯಕ್ಕೆ ಬಂದುಬಿಟ್ಟಿತು. ಮತ್ತೆ ಹೊರಟು ವೇಗ ಹಿಡಿದರೆ ಮತ್ತೆ ಬಿಸಿ.

ಗ್ಯಾರೇಜಿಗೆ ಒಯ್ದೆ. ಥರ್ಮೋಸ್ಟಾಟ್ ಬದಲಾಯಿತು, ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಹೊಸದು ಬಂತು. ಅದೇ ಕಥೆ. ರೇಡಿಯೇಟರ್ ಮುಚ್ಚಳ ಬದಲಾಯಿತು. ಅದೇ ಕಥೆ. ವಾಟರ್ ಪಂಪ್ ಹೋಗಿರಬೇಕು ಅಂದರು, ಅದನ್ನೂ ಹಾಕಿಸಿದೆ. ಆಮೇಲೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಮೇಲ್ಭಾಗ ಬಿಚ್ಚಿ ಬದಲಾಯಿಸಬೇಕಾದ ಸೀಲ್, ಅದರ ಮಾತು ಬಂತು. ಗಾಡಿ ಇಟ್ಟುಕೊಂಡವರಿಗೆ ಗೊತ್ತು, ಆ ಎರಡು ಪದ ಕೇಳಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ. ಪುಣ್ಯಕ್ಕೆ ಕೂಲಿಂಗ್ ಸಿಸ್ಟಮ್‌ನ ಒತ್ತಡ ಪರೀಕ್ಷಿಸಿದಾಗ ಎಲ್ಲೂ ಸೋರಿಕೆ ಕಾಣಲಿಲ್ಲ, ಕೂಲೆಂಟ್‌ನಲ್ಲಿ ಎಂಜಿನ್ ಹೊಗೆಯ ಗುರುತೂ ಸಿಗಲಿಲ್ಲ. ಆ ಕೆಲಸ ಅಲ್ಲಿಗೆ ನಿಂತಿತು. ಮೆಕ್ಯಾನಿಕ್ ಬಗ್ಗೆ ನನಗೆ ಕೋಪವಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ನನ್ನ ಗಾಡಿ ಬಿಸಿಯಾಗುತ್ತಿದ್ದುದು ವೇಗದಲ್ಲಿ ಮಾತ್ರ. ಪರೀಕ್ಷೆಗಳೆಲ್ಲ ನಡೆದದ್ದು ಗಾಡಿ ನಿಲ್ಲಿಸಿಕೊಂಡು. ನಿಂತ ಗಾಡಿಯಲ್ಲಿ ಈ ದೋಷ ಸಿಗುವುದೇ ಇಲ್ಲ.

ಕೊನೆಗೆ ಗುಟ್ಟು ಗೊತ್ತಾದದ್ದು, ಬೇರೇನೋ ಕೆಲಸಕ್ಕೆ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿದಾಗ. ಬಂಪರಿನ ಅಡಿಯಲ್ಲಿ ಉದ್ದಕ್ಕೂ ಖಾಲಿ ತೂತುಗಳು. ಕೆಲವದರಲ್ಲಿ ತುಕ್ಕು ಹಿಡಿದ ನಟ್‌ಗಳು ಇನ್ನೂ ಕಚ್ಚಿಕೊಂಡಿದ್ದವು. ಇಲ್ಲಿ ಏನೋ ಇರಬೇಕಿತ್ತಲ್ಲ ಎಂದು ಬಿಡಿಭಾಗಗಳ ಚಿತ್ರ ತೆಗೆದು ನೋಡಿದೆವು. ಏರ್ ಡ್ಯಾಮ್ ಇರಬೇಕಾದ ಜಾಗ ಅದು. ಹಿಂದಿನ ಮಾಲೀಕರಿಗೆ ಫೋನ್ ಮಾಡಿ ಕೇಳಿದರೆ, "ಓ ಅದಾ? ಸುಮ್ನೆ ಉಜ್ಜುತ್ತಿತ್ತು, ತೆಗೆಸಿದೆ. ಬರೀ ಶೋಗೆ ಇರೋದು ಅದು" ಅಂದರು. ಸುಳ್ಳು ಹೇಳುವ ಉದ್ದೇಶ ಅವರಿಗಿತ್ತು ಅಂತ ನನಗನಿಸಲಿಲ್ಲ. ಅವರು ಟ್ರೇಲರ್ ಎಳೆದವರೇ ಅಲ್ಲ.

ಶೋಗೆ ಅಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂದೆ ಗ್ರಿಲ್ ಇದೆ, ಅದರಿಂದ ಗಾಳಿ ನುಗ್ಗುತ್ತದೆ, ರೇಡಿಯೇಟರ್ ತಣ್ಣಗಾಗುತ್ತದೆ. ನಾವು ಅಂದುಕೊಂಡಿರುವುದು ಇಷ್ಟೇ. ಆದರೆ ರೇಡಿಯೇಟರ್ ದಾಟಿ ಒಳಗೆ ಬಂದ ಗಾಳಿ ಎಲ್ಲಿಗಾದರೂ ಹೋಗಬೇಕಲ್ವಾ? ಬಹುಪಾಲು ಎಂಜಿನ್ ಕೆಳಗಿನಿಂದಲೇ ಹೊರಗೆ ಹೋಗಬೇಕು. ರೇಡಿಯೇಟರಿನ ಮುಂದೆ ಒತ್ತಡ ಹೆಚ್ಚು, ಹಿಂದೆ ಕಡಿಮೆ ಇದ್ದರೆ ಮಾತ್ರ ಗಾಳಿ ಅದರೊಳಗೆ ಹಾಯುತ್ತದೆ. ಗಾಡಿ ವೇಗ ಹಿಡಿದಾಗ ಬಂಪರ್ ಕೆಳಗಿಂದಲೂ ಗಾಳಿ ರಭಸವಾಗಿ ನುಗ್ಗುತ್ತದೆ. ಎಂಜಿನ್ ಕೋಣೆಯಿಂದ ಹೊರಬರಬೇಕಾದ ಗಾಳಿಗೆ ಅದು ಅಡ್ಡ ಬರುತ್ತದೆ. ಗರ್ಭಗುಡಿಗೆ ಒಂದೇ ಬಾಗಿಲು, ಒಳಗಿನ ಜನ ಹೊರಗೆ ಬಾರದೆ ಹೊರಗಿನವರು ಒಳಗೆ ಹೋಗಲಾರರು, ಹಾಗಾಗುತ್ತದೆ. ಏರ್ ಡ್ಯಾಮ್ ಈ ಕೆಳಗಿನ ಗಾಳಿಯನ್ನು ತಡೆಯುತ್ತದೆ. ತಡೆದಾಗ ಅದರ ಬೆನ್ನಿಗೆ ಒತ್ತಡ ಕಡಿಮೆಯಾಗಿ, ಎಂಜಿನ್ ಕೋಣೆಯ ಬಿಸಿ ಗಾಳಿಯನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಅಂದರೆ ಆ ಪಟ್ಟಿ ಕೂಲಿಂಗ್ ಸಿಸ್ಟಮ್‌ನ ಒಂದು ಭಾಗ. ಅದರೊಳಗೆ ನೀರು ಹರಿಯುವುದಿಲ್ಲ, ಅಷ್ಟೇ ವ್ಯತ್ಯಾಸ.

ನಿಧಾನವಾಗಿ ಹೋಗುವಾಗ ಗಾಳಿ ಎಳೆಯುವುದು ಫ್ಯಾನ್. ಆಗ ಪಟ್ಟಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೆದ್ದಾರಿಯ ವೇಗದಲ್ಲಿ ಫ್ಯಾನಿನ ಪಾಲು ತೀರಾ ಕಡಿಮೆ. ಆಗ ಒತ್ತಡದ ವ್ಯತ್ಯಾಸವೇ ಕೆಲಸ ಮಾಡಬೇಕು. ಈ ಒಂದು ಸೂತ್ರ ನೆನಪಿದ್ದರೆ ಎಷ್ಟೋ ಖರ್ಚು ಉಳಿಯುತ್ತದೆ. ನಿಂತಾಗ ಬಿಸಿಯಾಗಿ ಓಡಿದಾಗ ತಣ್ಣಗಾದರೆ ಫ್ಯಾನ್ ಕಡೆ ನೋಡಿ. ನಿಂತಾಗ ಸರಿಯಿದ್ದು ವೇಗದಲ್ಲಿ ಬಿಸಿಯಾದರೆ ಗಾಳಿಯ ದಾರಿ, ಕಸ ಕಟ್ಟಿದ ರೇಡಿಯೇಟರ್, ಕೂಲೆಂಟ್ ಹರಿವು ಇವುಗಳ ಕಡೆ ನೋಡಿ. ಗಾಳಿಯ ದಾರಿ ನೋಡಲು ದುಡ್ಡು ಬೇಡ, ಬಗ್ಗಿ ನೋಡಿದರೆ ಸಾಕು. ಅದಕ್ಕೇ ಅದು ಮೊದಲು.

ಹಳೆಯ ಸ್ಪೋರ್ಟ್ಸ್ ಕಾರುಗಳವರಿಗೆ ಇದು ಹೊಸ ವಿಷಯವಲ್ಲ. 1982ರಿಂದ 1992ರವರೆಗೆ ಬಂದ ಮೂರನೇ ತಲೆಮಾರಿನ ಶೆವರ್ಲೆ ಕಮಾರೋ ಕಾರಿನ ಮೂತಿ ತೀರಾ ತಗ್ಗು. ರೇಡಿಯೇಟರಿಗೆ ಗಾಳಿ ಹೆಚ್ಚಾಗಿ ಬರುವುದು ಕೆಳಗಿನಿಂದ, ಅದನ್ನು ಮೇಲಕ್ಕೆ ತಿರುಗಿಸುವುದೇ ಏರ್ ಡ್ಯಾಮ್. ಆ ಕಾರು ಹೆದ್ದಾರಿಯಲ್ಲಿ ಬಿಸಿಯಾಗುತ್ತಿದೆ ಅಂದರೆ, ಪಟ್ಟಿ ಮುರಿದು ಬಿದ್ದಿದೆಯಾ ಅಂತ ಮೊದಲು ಕೇಳುತ್ತಾರೆ. ಪಿಕಪ್‌ಗಳಲ್ಲಿ ಮುಂದೆ ದೊಡ್ಡ ಗ್ರಿಲ್ ಇರುವುದರಿಂದ ಪರಿಣಾಮ ಅಷ್ಟು ಜೋರಾಗಿ ಕಾಣುವುದಿಲ್ಲ. ಖಾಲಿ ಗಾಡಿ, ತಂಪು ಹವೆ, ಸಮತಟ್ಟು ರಸ್ತೆ ಇದ್ದರೆ ಏನೂ ಗೊತ್ತಾಗದೇ ಇರಬಹುದು. "ನಾನೂ ತೆಗೆಸಿದ್ದೇನೆ, ನನಗೇನೂ ಆಗಿಲ್ಲ" ಎನ್ನುವವರ ಮಾತು ಸುಳ್ಳಲ್ಲ. ಆದರೆ ಅವರ ಗಾಡಿ ಏನು ಎಳೆಯುತ್ತದೆ, ಎಲ್ಲಿ ಓಡುತ್ತದೆ ಎಂದು ಕೇಳದೆ ಆ ಮಾತು ನಂಬಬೇಡಿ.

ಇಂಧನದ ಲೆಕ್ಕವೂ ಇದೆ. ಪಿಕಪ್‌ನ ಅಡಿಭಾಗ ನುಣುಪಾಗಿಲ್ಲ. ಆಕ್ಸಲ್, ಸೈಲೆನ್ಸರ್ ಪೈಪು, ಛಾಸಿಯ ಅಡ್ಡ ಕಂಬಿಗಳು, ಎಲ್ಲದಕ್ಕೂ ಗಾಳಿ ಬಡಿಯುತ್ತದೆ. ವೇಗ 50ರಿಂದ 100 ಕಿ.ಮೀ.ಗೆ ಏರಿದರೆ ಗಾಳಿಯ ತಡೆ 4 ಪಟ್ಟಾಗುತ್ತದೆ. ಆ ತಡೆ ಮೀರಲು ಎಂಜಿನ್ ಕೊಡಬೇಕಾದ ಶಕ್ತಿ 8 ಪಟ್ಟು. ಹಾಗಾಗಿ ಕೆಳಗೆ ಗಾಳಿ ಹೋಗದಂತೆ ತಡೆದಷ್ಟೂ ಒಳ್ಳೆಯದು. 2019ರ ರಾಮ್ 1500 ಪಿಕಪ್‌ನಲ್ಲಿ ಈ ಪಟ್ಟಿಗೆ ಮೋಟಾರನ್ನೇ ಇಟ್ಟರು. ವೇಗ ಗಂಟೆಗೆ ಸುಮಾರು 56 ಕಿ.ಮೀ. ದಾಟಿದರೆ ಅದು ತಾನಾಗಿ 6 ಸೆಂ.ಮೀ.ನಷ್ಟು ಕೆಳಗಿಳಿಯುತ್ತದೆ. ಒಂದೊಂದು ಸ್ಕ್ರೂಗೂ ಲೆಕ್ಕ ಹಾಕುವ ಕಂಪನಿಗಳು ಬರೀ ಶೋಗೆ ಮೋಟಾರ್ ಇಡುತ್ತವಾ? ಅಂಥ ಮೋಟಾರ್ ಪಟ್ಟಿಯ ವೈರ್ ಬಿಚ್ಚಿದರೆ ಗಾಡಿಯ ಕಂಪ್ಯೂಟರ್ ಅದನ್ನು ದೋಷ ಅಂತ ಬರೆದುಕೊಳ್ಳುತ್ತದೆ, ಅದು ಬೇರೆ ತಲೆನೋವು.

ನನಗೆ ಹೆಚ್ಚು ಹೊಟ್ಟೆ ಉರಿಸಿದ್ದು ಗೇರ್‌ಬಾಕ್ಸ್. ಆಟೊಮ್ಯಾಟಿಕ್ ಪಿಕಪ್‌ಗಳಲ್ಲಿ ಗೇರ್ ಆಯಿಲ್ ತಣ್ಣಗಾಗಿಸುವ ಕೂಲರ್ ಸಾಮಾನ್ಯವಾಗಿ ರೇಡಿಯೇಟರಿನ ಮುಂದೆ, ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಪಕ್ಕದಲ್ಲೇ ಇರುತ್ತದೆ. ಗಾಳಿ ಕಡಿಮೆಯಾದರೆ ಮೂರಕ್ಕೂ ಕಡಿಮೆ. ಮೊದಲು ಎಸಿ ಸೋತಿದ್ದು ಅದಕ್ಕೇ. ಎಂಜಿನ್ ಬಿಸಿಯಾದರೆ ತೋರಿಸಲು ಮುಳ್ಳಾದರೂ ಇದೆ. ಗೇರ್ ಆಯಿಲ್‌ಗೆ ಎಷ್ಟೋ ಗಾಡಿಗಳಲ್ಲಿ ಅದೂ ಇಲ್ಲ. ಬಿಸಿಯಾದಷ್ಟೂ ಆ ಆಯಿಲ್ ಬೇಗ ಕೆಡುತ್ತದೆ. ನನ್ನ ಗಾಡಿಯಿಂದ ಇಳಿಸಿದ ಆಯಿಲ್ ಕಪ್ಪಾಗಿ, ಸುಟ್ಟ ವಾಸನೆ ಹೊಡೆಯುತ್ತಿತ್ತು. ಆಯಿಲ್ ಬದಲಾಯಿಸಿದ ಮೇಲೂ ಗೇರ್ ಬದಲಾಗುವಾಗ ಸಣ್ಣ ಎಳೆತ ಉಳಿದುಕೊಂಡಿದೆ. ಅದು ಹೋಗುತ್ತದೆ ಅಂತ ನನಗೇನೂ ಆಸೆಯಿಲ್ಲ.

ಮುಳ್ಳನ್ನೂ ಪೂರ್ತಿ ನಂಬಬೇಡಿ. ಈಗಿನ ಅನೇಕ ಗಾಡಿಗಳಲ್ಲಿ ಮುಳ್ಳು ಸುಮ್ಮಸುಮ್ಮನೆ ಅಲ್ಲಾಡಿ ಜನ ಗಾಬರಿಯಾಗದಿರಲಿ ಎಂದು, ಸಾಕಷ್ಟು ಏರಿಳಿತವಾದರೂ ಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಸ್ಟೀರಿಂಗ್ ಕೆಳಗೆ ಗಾಡಿಯ ಕಂಪ್ಯೂಟರಿನ ಮಾಹಿತಿ ಓದಲು ಇರುವ ಓಬಿಡಿ ಸಾಕೆಟ್‌ಗೆ ಒಂದು ಸಣ್ಣ ರೀಡರ್ ಚುಚ್ಚಿದರೆ ಅಸಲಿ ಡಿಗ್ರಿ ಫೋನಿನಲ್ಲೇ ಕಾಣುತ್ತದೆ. ನಾನು ಚುಚ್ಚಿ ನೋಡಿದಾಗ ಮುಳ್ಳು ನೆಮ್ಮದಿಯಾಗಿ ಮಧ್ಯದಲ್ಲಿತ್ತು. ಕೂಲೆಂಟ್ ಆಗಲೇ 105 ಡಿಗ್ರಿ ದಾಟಿತ್ತು. ಬಿಸಿಯಾದ ಗಾಡಿಯ ರೇಡಿಯೇಟರ್ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಒಳಗಿನ ಕೂಲೆಂಟ್ ಕುದಿಯದೆ ತಡೆದಿರುವುದೇ ಒತ್ತಡ. ಮುಚ್ಚಳ ಸಡಿಲವಾದ ಕ್ಷಣ ಅದು ಕುದಿದು ಮುಖಕ್ಕೆ ಚಿಮ್ಮುತ್ತದೆ.

ಪಟ್ಟಿ ಮತ್ತೆ ಹಾಕಿಸುವುದೂ ಸಲೀಸಾಗಲಿಲ್ಲ. ತುಕ್ಕು ಹಿಡಿದ ನಟ್‌ಗಳು ಬೋಲ್ಟಿನ ಜೊತೆಗೇ ಗಿರ್ರನೆ ತಿರುಗಿದವು. ಬಿಚ್ಚಿದವರು ಆತುರದಲ್ಲಿ ಕೆಲವು ತೂತು ಹರಿದಿದ್ದರು. ಯಾವ ಗಾಡಿಗಾದರೂ ಆಗುತ್ತದೆ ಎಂದು ಮಾರುವ ರಬ್ಬರ್ ಪಟ್ಟಿ ಸಾಕು ಅಂತ ಒಬ್ಬರು ಹೇಳಿದರು. ತೆಳು ರಬ್ಬರ್ ವೇಗದಲ್ಲಿ ಹಿಂದಕ್ಕೆ ಮಡಚಿಕೊಂಡರೆ ಏನು ಪ್ರಯೋಜನ? ನನ್ನ ಮಾಡೆಲ್‌ನದೇ ಪಟ್ಟಿ, ಹೊಸ ಕ್ಲಿಪ್, ಹೊಸ ಬೋಲ್ಟ್ ತರಿಸಿದೆ. ಒಂದು ತೂತನ್ನೂ ಖಾಲಿ ಬಿಡದೆ ಬಿಗಿಸಿ. ಅರ್ಧ ಜೋತುಬಿದ್ದ ಪಟ್ಟಿ ಹೆದ್ದಾರಿಯಲ್ಲಿ ಕಿತ್ತು ಬಂದರೆ ಹಿಂದೆ ಬರುವವರ ಮೇಲೆ ಹೋಗುತ್ತದೆ. ಆಮೇಲೆ ಅದೇ ಟ್ರೇಲರ್, ಅದೇ ಏರು. ರೀಡರ್ 100 ದಾಟಲಿಲ್ಲ, ಎಸಿ ಕೊನೆವರೆಗೂ ತಣ್ಣಗಿತ್ತು.

ಹಾಗಂತ ಯಾರೂ ತೆಗೆಯಲೇಬಾರದು ಅಂತ ಅಲ್ಲ. ಕಲ್ಲುಬಂಡೆ, ಹಳ್ಳಕೊಳ್ಳ ಹತ್ತಿಳಿಸುವವರಿಗೆ ಪಟ್ಟಿ ನಿಜಕ್ಕೂ ಅಡ್ಡಿ. ಅಲ್ಲಿ ವೇಗ ಕಡಿಮೆ, ಫ್ಯಾನ್ ನೋಡಿಕೊಳ್ಳುತ್ತದೆ. ಅಂಥವರು ಹೋಗುವ ಮೊದಲು ಬಿಚ್ಚಿ, ಬಂದ ಮೇಲೆ ಹಾಕಿಕೊಳ್ಳಲಿ. ಕೆಲವು ಆಫ್‌ರೋಡ್ ಮಾಡೆಲ್‌ಗಳು ಕಂಪನಿಯಿಂದಲೇ ಪಟ್ಟಿ ಇಲ್ಲದೆ ಬರುತ್ತವೆ. ಅವುಗಳ ಮುಂಭಾಗವನ್ನು ಹಾಗೇ ಯೋಚಿಸಿ ಮಾಡಿರುತ್ತಾರೆ, ಅವನ್ನು ತೋರಿಸಿ ನಮ್ಮದಕ್ಕೂ ಆಗುತ್ತದೆ ಅನ್ನುವುದು ಸರಿಯಲ್ಲ. ಸ್ವಲ್ಪ ಉಜ್ಜುತ್ತದೆ ಅನ್ನುವುದೇ ದೂರಾದರೆ ಬಿಟ್ಟುಬಿಡಿ. ಅದು ಬಾಗುವ ಪ್ಲಾಸ್ಟಿಕ್, ಉಜ್ಜಿಸಿಕೊಳ್ಳಲೆಂದೇ ಹಾಗೆ ಮಾಡಿದ್ದು.

ಹಳೆ ಪಿಕಪ್ ನೋಡಲು ಹೋದರೆ ಬಂಪರ್ ಕೆಳಗೆ ಕೈ ಹಾಕಿ ತಡವಿ. ಖಾಲಿ ತೂತು, ಪ್ಲಾಸ್ಟಿಕ್ ಟ್ಯಾಗ್‌ನಿಂದ ಕಟ್ಟಿದ ಜಾಗ, ಗರಗಸದಿಂದ ಕೊಯ್ದ ಅಂಚು ಸಿಕ್ಕರೆ ಅದೇ ಮಾಡೆಲ್‌ನ ಹೊಸ ಗಾಡಿಯ ಫೋಟೊ ಜೊತೆ ಹೋಲಿಸಿ. ಊರೊಳಗೆ ಒಂದು ಸುತ್ತು ಹೊಡೆದು ಒಪ್ಪಿಕೊಳ್ಳಬೇಡಿ. ಎಸಿ ಹಾಕಿಕೊಂಡು ಹೆದ್ದಾರಿಯಲ್ಲಿ, ಏರು ಸಿಕ್ಕಿದರೆ ಏರಿನಲ್ಲಿ, ಸಾಕಷ್ಟು ಹೊತ್ತು ಓಡಿಸಿ. ಪಟ್ಟಿ ತೆಗೆಸಿದ್ದಾರೆ ಅಂತ ಗೊತ್ತಾದರೆ, ಅದನ್ನು ಬೋಲ್ಟ್ ಸಮೇತ ಕೊಡಿ ಎಂದು ಬೆಲೆ ಮಾತಾಡುವ ಮೊದಲೇ ಕೇಳಿ. ಇಲ್ಲ ಅಂದರೆ ಹೊಸದರ ಖರ್ಚನ್ನೂ, ಒಮ್ಮೆ ಗೇರ್ ಆಯಿಲ್ ಬದಲಾಯಿಸುವ ಖರ್ಚನ್ನೂ ಬೆಲೆಯಲ್ಲಿ ಕಳೆದು ಮಾತಾಡಿ.