ಒಣಕೆಮ್ಮು ಬಿಡುತ್ತಿಲ್ಲವೇ? ಬಿ.ಪಿ. ಮಾತ್ರೆಯ ಹೆಸರು ನೋಡಿ

ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ತಿಂಗಳುಗಟ್ಟಲೆ ಒಣಕೆಮ್ಮು ಇದ್ದರೆ ದಯವಿಟ್ಟು ಇದನ್ನು ಓದಿ. ನನ್ನ ಏಳು ತಿಂಗಳು ಇದರಲ್ಲೇ ಹೋದವು.

ನಮ್ಮ ಮನೆ ಬದಿಯಡ್ಕದ ಹತ್ತಿರ. ಅಡಿಕೆ ತೋಟವಿದೆ, ಬಿಡುವಿದ್ದಾಗ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ. ಬಿ.ಪಿ. ಮಾತ್ರೆ ಶುರುವಾಗಿ ಮೂರು ವಾರಕ್ಕೆ ಗಂಟಲಲ್ಲಿ ಕೆರೆತ ಹುಟ್ಟಿತು. ಕಫವಿಲ್ಲ, ಜ್ವರವಿಲ್ಲ; ಮಲಗಿದರೆ ಕೆಮ್ಮು. ಆಗ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಅದರ ಧೂಳೇ ಕಾರಣವೆಂದು ನಾನೂ ನಂಬಿದೆ, ಊರಿನ ವೈದ್ಯರೂ ನಂಬಿದರು.

ಅಲರ್ಜಿಯ ಮಾತ್ರೆ, ಎರಡು ಸಲ ಆಂಟಿಬಯೋಟಿಕ್, ನಿದ್ದೆ ಬರಿಸುವ ಸಿರಪ್, ಗ್ಯಾಸ್ಟ್ರಿಕ್‌ಗೆ ಮಾತ್ರೆ, ಕೊನೆಗೆ ಇನ್‌ಹೇಲರ್. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಆಡುಸೋಗೆಯ ಕಷಾಯ ಬೇರೆ. ಕೆಮ್ಮಿ ಕೆಮ್ಮಿ ಪಕ್ಕೆಲುಬು ನೋಯುತ್ತಿತ್ತು. ಒಂದು ರಾತ್ರಿ ಕರ್ಣನ ಅರ್ಥ ಹೇಳುತ್ತಿದ್ದಾಗ ಕೆಮ್ಮು ಹತ್ತಿ ಮಾತೇ ಹೊರಡಲಿಲ್ಲ. ಭಾಗವತರು ಮುಂದಿನ ಪದ್ಯ ಎತ್ತಿಕೊಂಡರು. ಆಮೇಲೆ ಯಾರು ಕರೆದರೂ ನಾನು ಹೋಗಲಿಲ್ಲ.

ನಾಲ್ವರು ವೈದ್ಯರಲ್ಲಿ ಒಬ್ಬರು ಮಾತ್ರ, ಬೇರೆ ಔಷಧ ಇದೆಯೇ ಎಂದು ಕೇಳಿದ್ದರು. "ಬಿ.ಪಿ.ಯದ್ದು ಮಾತ್ರ" ಎಂದೆ. ಯಾವುದು ಎಂದು ಅವರು ಕೇಳಲಿಲ್ಲ. ಆ ಒಂದು ಪ್ರಶ್ನೆ ಬಂದಿದ್ದರೆ ಐದು ತಿಂಗಳು ಉಳಿಯುತ್ತಿತ್ತು ಎಂಬ ಸಿಟ್ಟು ನನಗೆ ಇಂದಿಗೂ ಇದೆ.

ಮಂಗಳೂರಿನಲ್ಲಿ ತೋರಿಸಿದ ವೈದ್ಯರು ಮೊದಲು ಮಾಡಿದ ಕೆಲಸವೆಂದರೆ, ನನ್ನ ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿಸಿದ್ದು. ಬಿ.ಪಿ.ಯದ್ದು ರಾಮಿಪ್ರಿಲ್. ಎನಾಲಾಪ್ರಿಲ್, ಲಿಸಿನೊಪ್ರಿಲ್, ಪೆರಿಂಡೊಪ್ರಿಲ್ ಹೀಗೆ 'ಪ್ರಿಲ್' ಎಂದು ಮುಗಿಯುವ ಮಾತ್ರೆಗಳೆಲ್ಲ ಒಂದೇ ಗುಂಪಿನವು. ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವ ಕಿಣ್ವವನ್ನು ಇವು ತಡೆಯುತ್ತವೆ. ಒಡೆಯದ ಬ್ರಾಡಿಕೈನಿನ್ ಶ್ವಾಸನಾಳದಲ್ಲಿ ಉಳಿದು ಕೆಮ್ಮಿನ ನರಗಳನ್ನು ಕೆರಳಿಸುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಹೆಂಗಸರಿಗೆ ಹೆಚ್ಚು. ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ಬರಬಹುದು, ತಿಂಗಳುಗಳ ನಂತರವೂ ಬರಬಹುದು. ಹೀಗಾಗಿಯೇ ಯಾರಿಗೂ ಸಂಬಂಧ ಹೊಳೆಯುವುದಿಲ್ಲ.

ಅವರು ಬೇರೆ ಗುಂಪಿನ ಬಿ.ಪಿ. ಮಾತ್ರೆಯಾದ ಟೆಲ್ಮಿಸಾರ್ಟನ್‌ಗೆ ಬದಲಿಸಿಕೊಟ್ಟರು. ಎರಡು ವಾರದಲ್ಲಿ ಕೆಮ್ಮು ಇಳಿಯಿತು, ಐದನೆಯ ವಾರಕ್ಕೆ ನಿಂತಿತು. ಕೆಲವರಿಗೆ ಮೂರು ತಿಂಗಳೂ ಬೇಕಾಗುತ್ತದೆಯಂತೆ. ಇದನ್ನು ಓದಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬಿ.ಪಿ. ಏರಿದರೆ ಅಪಾಯ ಕೆಮ್ಮಿಗಿಂತ ದೊಡ್ಡದು. ಮಾತ್ರೆಯ ಸ್ಟ್ರಿಪ್ಪನ್ನೇ ವೈದ್ಯರಲ್ಲಿಗೆ ಕೊಂಡುಹೋಗಿ ತೋರಿಸಿ, ಬದಲಿ ಕೇಳಿ.

ಪೆರ್ಲದ ನನ್ನ ಭಾವನಿಗೂ ಎರಡು ತಿಂಗಳಿಂದ ಕೆಮ್ಮು. ನನ್ನ ಕಥೆ ಕೇಳಿ ತನ್ನ ಮಾತ್ರೆ ತಂದು ತೋರಿಸಿದ. ಅದು ಆಮ್ಲೊಡಿಪಿನ್, ಆ ಗುಂಪಿನದಲ್ಲ. ಸಂಜೆಗೆ ಜ್ವರವಿದೆ, ತೂಕವೂ ಇಳಿದಿದೆ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯ (ಟಿ.ಬಿ.) ಇದೆಯೇ ಎಂದು ಕಫ ಪರೀಕ್ಷೆ ಆಗಲೇಬೇಕು, ಇಂಥ ಲಕ್ಷಣವಿದ್ದರಂತೂ ಒಂದು ದಿನವೂ ತಡಮಾಡಬಾರದು. ನಾಳೆ ಬೆಳಿಗ್ಗೆ ನಾನೇ ಅವನನ್ನು ಕರೆದುಕೊಂಡು ಹೋಗುತ್ತಿದ್ದೇನೆ.