ಹಳೆ ಸ್ನೋಬ್ಲೋವರ್‌ಗೆ ಅಗ್ಗದ ಪಾರ್ಟು: ಆರು ಚಳಿಗಾಲದ ಅನುಭವ

ನಾವಿರುವುದು ನ್ಯೂಯಾರ್ಕ್ ರಾಜ್ಯದ ಬಫಲೋ ಪಕ್ಕದ ಆಮ್‌ಹರ್ಸ್ಟ್‌ನಲ್ಲಿ. ಈರಿ ಸರೋವರದ ಮೇಲಿಂದ ಗಾಳಿ ಬೀಸಿತೆಂದರೆ ಒಂದೇ ರಾತ್ರಿಯಲ್ಲಿ ಮೊಣಕಾಲುದ್ದ ಹಿಮ ಬೀಳುವ ಕಡೆ. ಮೊದಲ ವರ್ಷ ಸಲಿಕೆ ಹಿಡಿದು ಸೊಂಟ ಹಿಡಿಸಿಕೊಂಡೆ. 2019ರಲ್ಲಿ ಒಂದು ಗ್ಯಾರೇಜ್ ಸೇಲ್‌ನಲ್ಲಿ 120 ಡಾಲರ್‌ಗೆ ಹಳೆ ಕ್ರಾಫ್ಟ್ಸ್‌ಮನ್ ಸ್ನೋಬ್ಲೋವರ್, ಅಂದರೆ ಹಿಮ ಒಳಗೆಳೆದು ದೂರ ಎಸೆಯುವ ಯಂತ್ರ, ಸಿಕ್ಕಿತು. 5 ಎಚ್‌ಪಿ ಟೆಕಮ್ಸೆ ಎಂಜಿನ್. ಎರಡು ಹಗ್ಗ ಎಳೆತಕ್ಕೇ ಸ್ಟಾರ್ಟ್ ಆಯಿತು. ಅಪ್ಪನ ಬಜಾಜ್ ಸ್ಕೂಟರ್ ನೆನಪಾಯಿತು, ಸುಮ್ನೆ ಕೊಂಡುಬಿಟ್ಟೆ.

ಆಮೇಲೆ ಗೊತ್ತಾಯಿತು, ಈ ಯಂತ್ರಕ್ಕೆ ಹಿಂದೆಮುಂದೆ ಯಾರೂ ಇಲ್ಲ ಅಂತ. ತಯಾರಿಸಿದ ಮರ್ರೆ ಕಂಪನಿ 2004ರಲ್ಲೇ ದಿವಾಳಿ. ಟೆಕಮ್ಸೆ 2008ರಲ್ಲಿ ಎಂಜಿನ್ ಮಾಡುವುದನ್ನು ನಿಲ್ಲಿಸಿತು. ಕ್ರಾಫ್ಟ್ಸ್‌ಮನ್ ಹೆಸರಲ್ಲಿ ಹೊಸದಾಗಿ ಮಾರಿದ ಸಿಯರ್ಸ್ ಅಂಗಡಿ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಯಂತ್ರ ಮಾತ್ರ ಗಟ್ಟಿಯಾಗಿದೆ! ಹಾಗಾಗಿ ಈ ವಿಮರ್ಶೆ ಯಂತ್ರದ್ದಲ್ಲ, ಅದಕ್ಕೆ ಪಾರ್ಟು ಹುಡುಕುವುದರದ್ದು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಪಾರ್ಟನ್ನು ಕೌಂಟರ್ ಮೇಲಿಟ್ಟರೆ ಸಾಕು, ಅಂಗಡಿಯವರು ಒಮ್ಮೆ ನೋಡಿ ಒಳಗಿಂದ ಅಂಥದ್ದೇ ತರುತ್ತಾರೆ. ಇಲ್ಲಿ ಆ ಭಾಗ್ಯ ಇಲ್ಲ. ಇಲ್ಲಿ ನಂಬರೇ ದೇವರು. 'ಕ್ರಾಫ್ಟ್ಸ್‌ಮನ್ 5 ಎಚ್‌ಪಿ' ಅಂತ ಹುಡುಕಿದರೆ ಏನೇನೋ ಬರುತ್ತದೆ, ಯಾಕೆಂದರೆ ಕ್ರಾಫ್ಟ್ಸ್‌ಮನ್ ಬರೀ ಹೆಸರು. ಯಂತ್ರದ ತಗಡಿನ ಮೇಲಿನ ಮಾಡೆಲ್ ನಂಬರ್ 536ರಿಂದ ಶುರುವಾದರೆ ಅದು ಮರ್ರೆ ಮಾಡಿದ್ದು, 247 ಆದರೆ ಎಂಟಿಡಿ ಅನ್ನುವ ಇನ್ನೊಂದು ಕಂಪನಿ ಮಾಡಿದ್ದು. ಒಂದರದ್ದು ಇನ್ನೊಂದಕ್ಕೆ ಕೂರುವುದು ಕಡಿಮೆ. ಎಂಜಿನ್ನಿನದು ಬೇರೆಯೇ ನಂಬರ್. ನನ್ನದು ಎಚ್‌ಎಸ್‌ಎಸ್‌ಕೆ50. ಅದರ ಪಕ್ಕ ಡಿಒಎಂ (ತಯಾರಾದ ದಿನ) ಅಂತ ನಾಲ್ಕು ಅಂಕಿ ಕೊರೆದಿರುತ್ತಾರೆ. ಮೊದಲನೆಯದು ಇಸವಿಯ ಕೊನೇ ಅಂಕಿ, ಉಳಿದ ಮೂರು ಆ ವರ್ಷದ ಎಷ್ಟನೇ ದಿನ ಅನ್ನುವುದು. ನನ್ನದರಲ್ಲಿ ಮೊದಲ ಅಂಕಿ 6. ಮಾರಿದ ಅಜ್ಜ ತೊಂಬತ್ತರ ದಶಕದಲ್ಲಿ ಕೊಂಡಿದ್ದು ಅಂದಿದ್ದರು, ಹಾಗಾಗಿ 1996. ಎರಡೂ ನಂಬರ್ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಅಂಗಡಿಗೆ ಹೋದಾಗ ಯಂತ್ರ ಜೊತೆಗಿರುವುದಿಲ್ಲವಲ್ಲ.

ಈಗ ನನ್ನ ದಡ್ಡತನದ ಕಥೆ. ಹಿಮವನ್ನು ಒಳಗೆಳೆಯುವ ಸುರುಳಿಗೆ ಆಗರ್ ಅನ್ನುತ್ತಾರೆ. ಅದನ್ನು ಶಾಫ್ಟಿಗೆ ಕಟ್ಟುವುದು ಎಡಕ್ಕೊಂದು ಬಲಕ್ಕೊಂದು ಶಿಯರ್ ಪಿನ್. ಬೇಕೆಂದೇ ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ. ಐಸ್ ಗಡ್ಡೆಯೋ ಹಿಮದಡಿ ಹೂತುಹೋದ ಪೇಪರ್ ಸುರುಳಿಯೋ ಸಿಕ್ಕಿಕೊಂಡರೆ ಪಿನ್ ತುಂಡಾಗಿ ಗೇರ್‌ಬಾಕ್ಸ್ ಉಳಿಯಬೇಕು, ಅದಕ್ಕೆ. ಮೊದಲ ಚಳಿಗಾಲ ಎರಡು ಸಲ ಪಿನ್ ಹೋಯಿತು. ಎರಡೂ ಸಲ ಡ್ರೈವ್‌ವೇ ಬಾಯಲ್ಲೇ. ಪ್ಲೋ ಟ್ರಕ್‌ನವರು ರಸ್ತೆಯ ಕೆಸರು ಹಿಮವನ್ನೆಲ್ಲ ತಂದು ನಮ್ಮ ಬಾಗಿಲಿಗೆ ಗೋಡೆ ಕಟ್ಟುತ್ತಾರೆ, ಅದು ರಾತ್ರಿಯಲ್ಲಿ ಕಲ್ಲಾಗುತ್ತದೆ. ಬೇಜಾರಾಗಿ ಡಬ್ಬಿಯಲ್ಲಿದ್ದ ಗಟ್ಟಿ ಉಕ್ಕಿನ ಬೋಲ್ಟ್ ಹಾಕಿದೆ. ತಲೆ ಮೇಲೆ ಆರು ಗೆರೆ ಇರುವ ಗ್ರೇಡ್ 8 ಬೋಲ್ಟ್. ಇನ್ನು ಹೇಗೆ ಮುರಿಯುತ್ತೆ ನೋಡೋಣ ಅಂತ.

ಬೋಲ್ಟ್ ಮುರಿಯಲಿಲ್ಲ. ಒಳಗಿನ ಹಿತ್ತಾಳೆ ಬಣ್ಣದ ಗೇರಿನ ಹಲ್ಲು ಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ನನ್ನ ಗೇರ್‌ಬಾಕ್ಸ್ ಹೋಗಿದ್ದು ಒಂದು ಡಾಲರಿನ ಪಿನ್ನಿಗೆ. ಹೊಸ ಗೇರ್‌ಬಾಕ್ಸಿಗೆ ಯಂತ್ರಕ್ಕಿಂತ ಜಾಸ್ತಿ ರೇಟು, ಅದೂ ಸ್ಟಾಕ್ ಇಲ್ಲ.

ಕೊನೆಗೆ ಕೈ ಹಿಡಿದಿದ್ದು ಜನ ಹಳೆ ಸಾಮಾನು ಮಾರುವ ವೆಬ್‌ಸೈಟ್ ಕ್ರೇಗ್ಸ್‌ಲಿಸ್ಟ್. 'ಎಂಜಿನ್ ಸತ್ತಿದೆ, ಬಂದು ಒಯ್ಯಿರಿ, 40 ಡಾಲರ್' ಅಂತ ಒಂದು ಜಾಹೀರಾತು. ಬಣ್ಣ ಬೇರೆ, ಮೇಲಿನ ಹೆಸರು ಬೇರೆ, ಆದರೆ ಅದೂ ಮರ್ರೆಯದೇ, ಅಗಲವೂ ಒಂದೇ. ಗೇರ್‌ಬಾಕ್ಸ್ ಹಾಗೇ ಕೂತಿತು. ಜೊತೆಗೆ ಚಕ್ರ, ಕೇಬಲ್, ಪುಲ್ಲಿ, ಒಂದು ರಾಶಿ ನಟ್ಟು ಬೋಲ್ಟು ಸಿಕ್ಕಿದವು. ನನ್ನ ಪ್ರಕಾರ ಹಳೆ ಸ್ನೋಬ್ಲೋವರ್‌ಗೆ ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಏಪ್ರಿಲ್‌ನಲ್ಲಿ ಹುಡುಕಿ. ಡಿಸೆಂಬರ್‌ನಲ್ಲಿ ಸತ್ತ ಯಂತ್ರಕ್ಕೂ ಬೆಲೆ ಬರುತ್ತದೆ.

ಕಾರ್ಬೊರೇಟರ್ ವಿಷಯದಲ್ಲಿ ಮಾತ್ರ ಚೀನಾ ಮಾಲಿಗೆ ನಾನು ಹೆದರುವುದಿಲ್ಲ. ಇಲ್ಲಿನ ಪೆಟ್ರೋಲಿನಲ್ಲಿ ಶೇ. 10 ಎಥೆನಾಲ್ ಇರುತ್ತದೆ. ಬೇಸಿಗೆಯಿಡೀ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್, ಕಟ್ಟಿಕೊಳ್ಳುತ್ತದೆ. ಬಿಚ್ಚಿ, ತೊಳೆದು, ಊದಿ ಎರಡು ಸಲ ನೋಡಿದೆ, ಆಮೇಲೆ 16 ಡಾಲರ್ ಕೊಟ್ಟು ಹೊಸದೇ ತರಿಸಿದೆ. ಮೊದಲನೆಯದು ಫ್ಲೋಟ್ ಸರಿ ಕೂರದೆ ಪೆಟ್ರೋಲ್ ಸೋರಿತು. ಮಾರಿದವರು ದುಡ್ಡು ವಾಪಸ್ ಕೊಟ್ಟರು. ಎರಡನೆಯದು ನಾಲ್ಕನೇ ಚಳಿಗಾಲ ಓಡುತ್ತಿದೆ. ಪೈಪಿನ ಮಧ್ಯೆ ಒಂದು ಚಿಕ್ಕ ವಾಲ್ವ್ ಹಾಕಿದ್ದೇನೆ. ಮಾರ್ಚ್ ಕೊನೆಗೆ ಅದನ್ನು ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ.

ಬೆಲ್ಟಿನಲ್ಲಿ ಹಾಗಲ್ಲ. ಅಳತೆ ಒಂದೇ ಅಲ್ವಾ ಅಂತ ಆಟೋ ಪಾರ್ಟ್ಸ್ ಅಂಗಡಿಯ ಬೆಲ್ಟ್ ಹಾಕಿದ್ದೆ, ಅರ್ಧ ಬೆಲೆಗೆ. ಆದರೆ ಸ್ನೋಬ್ಲೋವರ್‌ನಲ್ಲಿ ಬೆಲ್ಟೇ ಕ್ಲಚ್ಚು. ಲಿವರ್ ಒತ್ತಿದಾಗ ಬಿಗಿಯಾಗಬೇಕು, ಬಿಟ್ಟಾಗ ಜಾರಬೇಕು. ಅದಕ್ಕೇ ಅಸಲಿ ಬೆಲ್ಟಿಗೆ ಬಟ್ಟೆಯ ಹೊದಿಕೆ ಇರುತ್ತದೆ. ನಾನು ಹಾಕಿದ್ದು ಲಿವರ್ ಬಿಟ್ಟರೂ ಪುಲ್ಲಿಯನ್ನು ಕಚ್ಚಿಕೊಂಡಿತ್ತು, ಆಗರ್ ತಿರುಗುತ್ತಲೇ ಇತ್ತು. ಮಕ್ಕಳು ಓಡಾಡುವ ಮನೆಯಲ್ಲಿ ಇದು ಹುಡುಗಾಟ ಅಲ್ಲ. ಬದಲಾಯಿಸಬೇಕು ಅಂದುಕೊಳ್ಳುತ್ತಲೇ ಇದ್ದೆ. 2022ರ ಡಿಸೆಂಬರ್ 23ಕ್ಕೆ ದೊಡ್ಡ ಹಿಮಗಾಳಿ ಬಂತು. ಬಫಲೋ ಏರ್‌ಪೋರ್ಟಿನಲ್ಲಿ 50 ಇಂಚಿಗಿಂತ ಹೆಚ್ಚು ಬಿತ್ತು, ಕಾರು ಹೊರಗೆ ತೆಗೆಯಬೇಡಿ ಅಂತ ಆದೇಶ. ಅದು ಮುಗಿದ ಮರುದಿನ ಹತ್ತು ನಿಮಿಷ ಓಡಿಸಿದ್ದೇನೋ, ಸುಟ್ಟ ರಬ್ಬರ್ ವಾಸನೆ, ಬೆಲ್ಟ್ ಪಟಾರ್. ಮತ್ತೆ ಸಲಿಕೆ. ಈಗ ಯಂತ್ರದಲ್ಲಿರುವ ಎರಡೂ ಬೆಲ್ಟಿನ ಒಂದೊಂದು ಅಸಲಿ ಜೋಡಿ ಗ್ಯಾರೇಜಿನ ಮೊಳೆಗೆ ನೇತಾಡುತ್ತಿದೆ.

ಎಂಜಿನ್ ಶಕ್ತಿಯನ್ನು ಚಕ್ರಗಳಿಗೆ ದಾಟಿಸುವ ರಬ್ಬರ್ ಅಂಚಿನ ಗಾಲಿ, ಫ್ರಿಕ್ಷನ್ ವೀಲ್ ಬಗ್ಗೆಯೂ ಒಂದು ಮಾತು. ಯಂತ್ರ ಏರಿನಲ್ಲಿ ಮುಂದೆ ಹೋಗದೆ ನಿಂತರೆ ಅದರ ರಬ್ಬರ್ ಸವೆದಿದೆ ಅಂತ. 'ಎಲ್ಲಕ್ಕೂ ಆಗುತ್ತೆ' ಅಂತ ಒಂದು ಅಂಗಡಿಯವರು ಕೊಟ್ಟಿದ್ದು ನನ್ನದಕ್ಕೆ ಆಗಲಿಲ್ಲ, ವಾಪಸ್ಸೂ ತೆಗೆದುಕೊಳ್ಳಲಿಲ್ಲ. ಹೊರ ವ್ಯಾಸ, ಒಳ ವ್ಯಾಸ, ಬೋಲ್ಟ್ ತೂತು ಮೂರನ್ನೂ ಅಳೆದು ತರಿಸಿ. ಯಂತ್ರ ನೆಲದ ಮೇಲೆ ಜಾರುವ ಕೆಳಗಿನ ಸ್ಕಿಡ್ ಶೂ ಯಾರದ್ದಾದರೂ ನಡೆಯುತ್ತದೆ, ತೂತು ಹೊಂದಿದರೆ ಆಯಿತು.

ಪುಕ್ಕಟೆ ಸುಧಾರಣೆ ಅಂದರೆ ಇಂಪೆಲ್ಲರ್ ರಬ್ಬರ್. ಹಿಮ ಎಸೆಯುವ ಫ್ಯಾನಿಗೂ ಡಬ್ಬಕ್ಕೂ ನಡುವೆ ಸಂದು ಇರುತ್ತದಲ್ಲ, ಹಳೇ ಮಡ್‌ಫ್ಲ್ಯಾಪ್ ಕತ್ತರಿಸಿ ಫ್ಯಾನಿನ ರೆಕ್ಕೆಗಳಿಗೆ ಬೋಲ್ಟ್ ಹಾಕಿದೆ. ನೀರು ಹಿಮ ಮೊದಲು ಕಾಲ ಬುಡಕ್ಕೇ ಬೀಳುತ್ತಿತ್ತು, ಈಗ ಹುಲ್ಲಿನ ಆ ತುದಿಗೆ ಹೋಗುತ್ತದೆ. ಈ ಕೆಲಸ ಮಾಡುವಾಗ ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಡಿ. ಹಿಮ ಹೊರಗೆ ಚಿಮ್ಮುವ ಕೊಳವೆ, ಅಂದರೆ ಚ್ಯೂಟಿನಲ್ಲಿ ಹಿಮ ಕಟ್ಟಿದರೆ ಎಂಜಿನ್ ಆರಿಸಿ ಕೋಲಿನಿಂದ ತಿವಿಯಿರಿ, ಕೈ ಹಾಕಬೇಡಿ.

ಆರು ವರ್ಷಕ್ಕೆ ಪಾರ್ಟುಗಳಿಗೆ ಖರ್ಚಾಗಿದ್ದು ಸುಮಾರು 210 ಡಾಲರ್, ಆ 40ರ ಯಂತ್ರವೂ ಸೇರಿ. ಹೊಸ ಯಂತ್ರಕ್ಕೆ ಸಾವಿರದ ಹತ್ತಿರ ಬೇಕು. ನಟ್ಟು ಬೋಲ್ಟು ಬಿಚ್ಚುವುದು ನಿಮಗೆ ಹಿಂಸೆ ಅನ್ನಿಸಿದರೆ ಹೊಸದನ್ನೇ ಕೊಳ್ಳಿ. ರಿಪೇರಿಯವರ ಕೂಲಿ ಕೊಟ್ಟರೆ ಈ ಲೆಕ್ಕ ನಿಲ್ಲುವುದಿಲ್ಲ.

ಈಗ ಇಂಪೆಲ್ಲರ್ ಬೇರಿಂಗ್ ಕಿರುಗುಡುತ್ತಿದೆ. ಹೊಸದು 9 ಡಾಲರ್. ಅದಕ್ಕೂ ಮೊದಲು ಆ 40 ಡಾಲರಿನ ಯಂತ್ರದ್ದನ್ನು ಬಿಚ್ಚಿ ನೋಡಬೇಕು. ಗ್ಯಾರೇಜಿನ ಅರ್ಧ ಜಾಗ ಅದೇ ತಿನ್ನುತ್ತಿದೆ ಅಂತ ಹೆಂಡತಿ ಪ್ರತಿ ವಾರ ನೆನಪಿಸುತ್ತಾಳೆ.