ಬಣ್ಣ ಬಳಿದ ಚಾಸಿಗೆ ಪೂರ್ತಿ ಹಣ ಕೊಡಬೇಡಿ: ಕಿಟ್ ಕಾರು ಕಟ್ಟಲು ಹೊರಟವರಿಗೆ ಎಚ್ಚರಿಕೆ

ಬ್ರಿಟನ್ನಿನಲ್ಲಿ ಮನೆಯ ಗ್ಯಾರೇಜಿನಲ್ಲೇ ಕಿಟ್ ಕಾರು ಕಟ್ಟಬೇಕೆಂದು ಯೋಚಿಸುತ್ತಿರುವ ಕನ್ನಡಿಗರು ಮುಂಗಡ ಕೊಡುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಕೊವೆಂಟ್ರಿ, ಬರ್ಮಿಂಗ್‌ಹ್ಯಾಮ್, ಡರ್ಬಿ ಸುತ್ತಮುತ್ತ ವಾಹನ ಉದ್ಯಮದಲ್ಲಿ ದುಡಿಯುವ ನಮ್ಮವರು ಅನೇಕರಿದ್ದಾರೆ. ವರ್ಷಗಟ್ಟಲೆ ಪರದೆಯ ಮೇಲೆ ಕಾರಿನ ಒಂದೇ ಒಂದು ಭಾಗವನ್ನು ನೋಡುತ್ತ ಕುಳಿತವರಿಗೆ ಇಡೀ ಕಾರನ್ನು ಕೈಯಾರೆ ಜೋಡಿಸುವ ಆಸೆ ಹುಟ್ಟುವುದು ಸಹಜ. ನನಗೂ ಹುಟ್ಟಿತು. ಆದರೆ ನನ್ನ ಗ್ಯಾರೇಜಿಗೆ ಬಂದಿಳಿದದ್ದು ಒಳಗೆ ಕೂತವರ ಪ್ರಾಣ ತೆಗೆಯಬಹುದಾದ ಚಾಸಿ, ಅಂದರೆ ಕಾರಿನ ಅಸ್ಥಿಪಂಜರ. ಅದನ್ನು ಮಾರಿದ ಸಂಸ್ಥೆ ಆಮೇಲೆ ಬಾಗಿಲು ಹಾಕಿಕೊಂಡಿತು. ದಿವಾಳಿ ಪ್ರಕ್ರಿಯೆ ಇನ್ನೂ ಮುಗಿಯದ ಕಾರಣ ಅದರ ಹೆಸರನ್ನು ಬರೆಯುವುದಿಲ್ಲ. ಎಲ್ಲವೂ ಹೇಗೆ ನಡೆಯಿತು ಎಂಬುದನ್ನು ಮಾತ್ರ ಬಿಡದೆ ಹೇಳುತ್ತೇನೆ.

ಕಿಟ್ ಕಾರಿನ ಪರಿಚಯವಿಲ್ಲದವರಿಗೆ ಎರಡು ಮಾತು. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸಂಸ್ಥೆ ‘ಸೆವೆನ್’ ಎಂಬ ಪುಟ್ಟ ತೆರೆದ ಕಾರನ್ನು ಹೊರತಂದು, ಬಿಡಿಭಾಗಗಳ ಕಿಟ್ ಆಗಿಯೂ ಮಾರಿತು. ಪೂರ್ತಿ ಕಾರಿಗಿದ್ದ ಖರೀದಿ ತೆರಿಗೆ ಬಿಡಿಭಾಗಗಳ ಮೇಲೆ ಬೀಳುತ್ತಿರಲಿಲ್ಲ. ಮನೆಯಲ್ಲೇ ಜೋಡಿಸಿಕೊಂಡವರಿಗೆ ಒಳ್ಳೆಯ ಉಳಿತಾಯವಾಗುತ್ತಿತ್ತು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಕಾರಿನ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಕೈಸೇರಿತು. ತೆರಿಗೆಯ ಲಾಭ ಹೋದರೂ ಕಾರು ಕಟ್ಟುವ ಹುಚ್ಚು ಹೋಗಲಿಲ್ಲ. ಅದೇ ಆಕಾರದ ಕಿಟ್‌ಗಳನ್ನು ಹಲವಾರು ಸಣ್ಣ ಕಾರ್ಯಾಗಾರಗಳು ಮಾರುತ್ತ ಬಂದಿವೆ: ಉಕ್ಕಿನ ಚೌಕ ಕೊಳವೆಗಳ ಚಾಸಿ, ಅದರ ಮೇಲೆ ಅಲ್ಯೂಮಿನಿಯಂ ತಗಡು, ಫೈಬರ್‌ಗ್ಲಾಸಿನ ಮೂತಿ ಮತ್ತು ಮಡ್‌ಗಾರ್ಡು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ಗಳನ್ನು ಹಳೆಯ ಕಾರೊಂದರಿಂದ ಕಳಚಿಕೊಳ್ಳಬೇಕು. ಅದಕ್ಕೆ ಡೋನರ್ ಕಾರು ಎನ್ನುತ್ತಾರೆ. ನನ್ನದು ಮಜ್ದಾ ಎಂಎಕ್ಸ್-5. ಬಾಗಿಲ ಕೆಳಗಿನ ಸಿಲ್‌ಗಳು ತುಕ್ಕು ಹಿಡಿದು ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ಪರೀಕ್ಷೆಯಲ್ಲಿ ನಪಾಸಾದರೂ ಎಂಜಿನ್ ಗಟ್ಟಿಯಾಗಿ ಉಳಿದಿರುವುದು ಈ ಕಾರಿನಲ್ಲಿ ಸಾಮಾನ್ಯ. ಹಾಗಾಗಿ ಅಗ್ಗಕ್ಕೆ ಸಿಗುತ್ತದೆ.

ನಾನು ಆರಿಸಿಕೊಂಡ ಸಂಸ್ಥೆ ಕೈಗಾರಿಕಾ ಬಡಾವಣೆಯೊಂದರ ಎರಡು ಶೆಡ್ಡುಗಳಲ್ಲಿತ್ತು. ಅವರ ಪ್ರದರ್ಶನದ ಕಾರು ನಿಜಕ್ಕೂ ಚೆನ್ನಾಗಿತ್ತು. ತಗಡಿನಿಂದ ತಗಡಿಗೆ ಇದ್ದ ಸಂದು ಒಂದೇ ಸಮ, ರಿವೆಟ್‌ಗಳ ಸಾಲು ನೇರ. ಕಾಲುಭಾಗ ಮುಂಗಡ, ಚಾಸಿ ಸಿದ್ಧವಾದಾಗ ಒಂದು ಕಂತು, ಉಳಿದದ್ದು ಎಲ್ಲ ಭಾಗಗಳೂ ಕೈಸೇರಿದ ಮೇಲೆ ಎಂದು ಕರಾರಾಯಿತು. ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟೆ. ಸ್ವಲ್ಪ ಸಮಯದ ನಂತರ ಅವರಿಂದ ಮಿಂಚಂಚೆ ಬಂತು: ಉಕ್ಕು, ರೆಸಿನ್ ಎರಡರ ಬೆಲೆಯೂ ಏರುತ್ತಿದೆ, ಈಗಲೇ ಬಾಕಿ ಕಟ್ಟಿದರೆ ಹಳೆಯ ದರವನ್ನೇ ಉಳಿಸಿಕೊಡುತ್ತೇವೆ, ಚಾಸಿಯನ್ನು ಮೊದಲೇ ಕಳುಹಿಸುತ್ತೇವೆ. ಜೊತೆಗೆ, ನಿಮ್ಮ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ಗಳನ್ನು ನಮಗೆ ತಂದುಕೊಟ್ಟರೆ ಬಿಚ್ಚಿ, ತೊಳೆದು, ಸೀಲು ಬೇರಿಂಗ್ ಬದಲಿಸಿ ಕೊಡುತ್ತೇವೆ ಎಂಬ ಪ್ರತ್ಯೇಕ ಪ್ರಸ್ತಾವವೂ ಇತ್ತು. ಎರಡಕ್ಕೂ ಬ್ಯಾಂಕ್ ವರ್ಗಾವಣೆ ಮಾತ್ರ. ಒಪ್ಪಿದೆ, ಎರಡರ ಹಣವನ್ನೂ ಕಟ್ಟಿದೆ, ಎಂಜಿನ್ ಮುಂತಾದವನ್ನೂ ತಂದುಕೊಟ್ಟೆ.

ಇಂಥ ಪತ್ರ ನಿಮಗೂ ಬಂದರೆ ಅದನ್ನು ರಿಯಾಯಿತಿ ಎಂದು ಓದಬೇಡಿ. ನಿಮ್ಮ ಹಣದಿಂದ ಹಿಂದಿನ ಗ್ರಾಹಕನ ಕಿಟ್ ತಯಾರಾಗುತ್ತಿದೆ ಎಂದು ಓದಿ. ನಿಮ್ಮ ಕಿಟ್‌ಗೆ ಮುಂದಿನವನ ಹಣ ಬೇಕು, ಆ ಮುಂದಿನವನು ಬರದಿದ್ದ ದಿನ ಸರಪಳಿ ಕಡಿಯುತ್ತದೆ.

ಚಾಸಿ ಬಂತು. ಕಪ್ಪು ಪೌಡರ್ ಕೋಟಿಂಗ್ ಫಳಫಳ ಹೊಳೆಯುತ್ತಿತ್ತು. ಮುಂದಿನ ವಿಶ್‌ಬೋನ್‌ಗಳನ್ನು, ಅಂದರೆ ಚಕ್ರವನ್ನು ಚಾಸಿಗೆ ಜೋಡಿಸುವ ತೋಳುಗಳನ್ನು, ಕೂರಿಸಲು ಹೋದಾಗ ಬಲಗಡೆಯ ಬೋಲ್ಟ್ ರಂಧ್ರಕ್ಕೆ ಹೋಗಲಿಲ್ಲ. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದರೆ, ಸಮವಿರಬೇಕಾದ ಎರಡು ಕರ್ಣಗಳ ನಡುವೆ 9 ಮಿಲಿಮೀಟರ್ ವ್ಯತ್ಯಾಸ. ಸಂಸ್ಥೆಗೆ ಫೋನ್ ಮಾಡಿದರೆ, ಕೈಯಿಂದ ತಯಾರಾದದ್ದು, ಅಷ್ಟಿಷ್ಟು ಇದ್ದೇ ಇರುತ್ತದೆ, ರಂಧ್ರವನ್ನು ಸ್ವಲ್ಪ ಅಗಲಿಸಿಕೊಳ್ಳಿ ಎಂದರು. ಚಕ್ರವನ್ನು ಹಿಡಿದಿಡುವ ರಂಧ್ರವನ್ನು ಅಗಲಿಸಿಕೊಳ್ಳಿ ಎಂದು ಗ್ರಾಹಕನಿಗೆ ಹೇಳುವ ಬಾಯಿ ಯಾವುದಿರಬಹುದು ಎಂದು ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಎಡಗಡೆಯ ಬೋಲ್ಟನ್ನು ಟಾರ್ಕ್ ವ್ರೆಂಚಿನಿಂದ ಬಿಗಿಯುವಾಗ, ಅದನ್ನು ಹಿಡಿದಿಡಲು ಚಾಸಿಗೆ ಬೆಸೆದ ಬ್ರ್ಯಾಕೆಟ್ಟಿನ ಬುಡದಲ್ಲಿ ಬಣ್ಣ ಕೂದಲೆಳೆಯಷ್ಟು ಬಿರಿಯಿತು. ದಾವಣಗೆರೆಯ ಕಡೆಯ ಗೆಳೆಯರೊಬ್ಬರು ಡರ್ಬಿಯಲ್ಲಿ ವೆಲ್ಡಿಂಗ್ ತಪಾಸಣೆಯ ಕೆಲಸದಲ್ಲಿದ್ದಾರೆ. ಫೋಟೋ ಕಳುಹಿಸಿದ್ದಕ್ಕೆ, “ಅಣ್ಣ, ಇನ್ನೇನನ್ನೂ ಬಿಗಿಯಬೇಡಿ, ನಾನು ಬಂದು ನೋಡುತ್ತೇನೆ” ಎಂದರು. ಬರುವಾಗ ಡೈ ಪೆನಿಟ್ರಂಟ್ ಡಬ್ಬಿಗಳನ್ನು ತಂದರು. ಇದು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಬಣ್ಣವನ್ನು ಬರಿಯ ಲೋಹ ಕಾಣುವವರೆಗೆ ತೆಗೆದು ಸ್ವಚ್ಛಗೊಳಿಸಬೇಕು, ಕೆಂಪು ದ್ರವ ಸಿಂಪಡಿಸಿ ಸ್ವಲ್ಪ ಹೊತ್ತು ಬಿಡಬೇಕು, ಬಟ್ಟೆಯಿಂದ ಒರೆಸಿ ಬಿಳಿಯ ಡೆವಲಪರ್ ಹೊಡೆಯಬೇಕು. ಲೋಹದಲ್ಲಿ ಬಿರುಕಿದ್ದರೆ ಒಳಗಿಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಒಸರುತ್ತದೆ. ನಮ್ಮ ಚಾಸಿಯಲ್ಲಿ ಬ್ರ್ಯಾಕೆಟ್ಟಿನ ಅಂಚಿನ ಉದ್ದಕ್ಕೂ ಗೆರೆ ಮೂಡಿತು. ಪಕ್ಕದ್ದರಲ್ಲೂ ಮೂಡಿತು. ಸೀಟ್ ಬೆಲ್ಟ್ ಕಟ್ಟುವ ಜಾಗದಲ್ಲೂ ಮೂಡಿತು.

ಮೇಲಕ್ಕೆ ತೆರೆದುಕೊಂಡ ದೋಷವನ್ನು ಮಾತ್ರ ಈ ಪರೀಕ್ಷೆ ತೋರಿಸುತ್ತದೆ. ಒಳಗೇನಿದೆ ಎಂದು ತಿಳಿಯಲು ಗೆಳೆಯರು ಒಂದು ಬ್ರ್ಯಾಕೆಟ್ಟನ್ನು ಗರಗಸದಿಂದ ಅಡ್ಡ ಕತ್ತರಿಸಿ, ಕತ್ತರಿಸಿದ ಮುಖವನ್ನು ನಯವಾಗಿ ಉಜ್ಜಿದರು. ಬೆಸುಗೆಯ ಲೋಹಕ್ಕೂ ಬ್ರ್ಯಾಕೆಟ್ಟಿನ ತಟ್ಟೆಗೂ ನಡುವೆ ಕಪ್ಪು ಗೀಟು ಬರಿಗಣ್ಣಿಗೇ ಕಂಡಿತು. ಎರಡೂ ಕರಗಿ ಒಂದಾಗಿರಲೇ ಇಲ್ಲ. ಎಲೆಯ ಮೇಲೆ ಬಡಿಸಿದ ಮುದ್ದೆಯಂತೆ ಬೆಸುಗೆ ತಟ್ಟೆಯ ಮೇಲೆ ಸುಮ್ಮನೆ ಕುಳಿತಿತ್ತು.

ಇದು ಹೇಗಾಗುತ್ತದೆ ಎಂಬುದನ್ನು ಕಿಟ್ ಕೊಳ್ಳುವವರೆಲ್ಲ ತಿಳಿದಿರಬೇಕು. ಇಂಥ ಚಾಸಿಯ ಕೊಳವೆಯ ಗೋಡೆ ಸುಮಾರು 1.6 ಮಿಲಿಮೀಟರ್ ದಪ್ಪ, ಬ್ರ್ಯಾಕೆಟ್ಟಿನ ತಟ್ಟೆ 3 ಮಿಲಿಮೀಟರ್. ಎರಡೂ ಕರಗಬೇಕಾದರೆ ಶಾಖವನ್ನು ದಪ್ಪ ತಟ್ಟೆಯ ಕಡೆಗೆ ಹಿಡಿಯಬೇಕು. ಅವಸರದ ಅಥವಾ ಅನುಭವವಿಲ್ಲದ ಕೆಲಸಗಾರ ತೆಳುವಾದ ಕೊಳವೆಗೆ ತೂತು ಬಿದ್ದೀತೆಂದು ಯಂತ್ರದ ಶಾಖವನ್ನೇ ಇಳಿಸುತ್ತಾನೆ. ಮಿಗ್ ಎಂಬ ಬಗೆಯ ವೆಲ್ಡಿಂಗಿನಲ್ಲಿ ಕರಗಿ ಬೆಸುಗೆಯಾಗುವ ತಂತಿ ಯಂತ್ರದಿಂದ ತಾನಾಗಿ ಬರುತ್ತಲೇ ಇರುತ್ತದೆ. ಕೆಳಗಿನ ಲೋಹ ಕರಗಲಿ, ಬಿಡಲಿ, ಮೇಲೆ ಬೆಸುಗೆಯ ಸಾಲು ಮೂಡುತ್ತದೆ. ನೋಡಲು ಅಂದವಾಗಿಯೂ ಇರುತ್ತದೆ. ನನ್ನ ಚಾಸಿಯಲ್ಲಿ ಅದನ್ನೂ ಗ್ರೈಂಡರಿನಿಂದ ಸಮತಟ್ಟಾಗಿ ಉಜ್ಜಿ ಇದ್ದಬದ್ದ ದಪ್ಪವನ್ನೂ ಕಳೆದಿದ್ದರು. ಆಮೇಲೆ ಪೌಡರ್ ಕೋಟಿಂಗ್. ಅದು ಗಟ್ಟಿಯಾದ ಪ್ಲಾಸ್ಟಿಕ್ ಪದರ, ಕೆಳಗಿನ ಎಲ್ಲ ಪಾಪವನ್ನೂ ಮುಚ್ಚುತ್ತದೆ. 600 ಕಿಲೋಗ್ರಾಂ ಆಸುಪಾಸಿನ ಕಾರು ಹೆದ್ದಾರಿಯಲ್ಲಿ ಒಮ್ಮೆಲೇ ಬ್ರೇಕ್ ಹಾಕಿದಾಗ ಆ ಬಲವೆಲ್ಲ ಹಾಯುವುದು ಈ ಬ್ರ್ಯಾಕೆಟ್ಟುಗಳ ಮೂಲಕ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಏರ್‌ಬ್ಯಾಗ್ ಕೂಡ ಇರುವುದಿಲ್ಲ. ಪಕ್ಕದ ಸೀಟಿನಲ್ಲಿ ನನ್ನ ಮಗಳು ಕೂರಬೇಕಾಗಿತ್ತು.

ಫೋಟೋಗಳನ್ನೆಲ್ಲ ಕಳುಹಿಸಿದಾಗ ಸಂಸ್ಥೆ ಕೊಟ್ಟ ಉತ್ತರ: “ನಮ್ಮ ಎಲ್ಲ ಕಾರುಗಳೂ ಐವಿಎ ಪಾಸಾಗಿವೆ.” ಈ ಮಾತನ್ನು ನೀವೂ ಕೇಳುತ್ತೀರಿ, ಇದನ್ನು ನಂಬಬೇಡಿ. ಐವಿಎ ಎಂದರೆ ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗೆ ಬಿಡುವ ಮೊದಲು ಸರ್ಕಾರದ ವಾಹನ ತಪಾಸಣಾ ಸಂಸ್ಥೆ ಡಿವಿಎಸ್‌ಎ ನಡೆಸುವ ಪರೀಕ್ಷೆ; 2009ರಲ್ಲಿ ಹಳೆಯ ಎಸ್‌ವಿಎ ಪರೀಕ್ಷೆಯ ಜಾಗಕ್ಕೆ ಬಂತು. ಅದು ಕಟ್ಟುನಿಟ್ಟಿನದೇ. ಮೈಗೆ ತಾಗುವ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು, ಸ್ಟೀರಿಂಗ್ ಬಿಟ್ಟರೆ ತಾನಾಗಿ ನಡುವಿಗೆ ಮರಳಬೇಕು, ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲು ಲಾಕ್ ಆಗಬಾರದು. ಆದರೆ ತಪಾಸಕರು ನೋಡುವುದು ಕಣ್ಣಿಗೆ ಕಾಣುವುದನ್ನು. ಬಣ್ಣ ಕೆರೆದು, ಬೆಸುಗೆ ಕತ್ತರಿಸಿ ನೋಡುವುದು ಅವರ ಕೆಲಸವಲ್ಲ. ಅದೇ ಸಂಸ್ಥೆಯ ಚಾಸಿಯಲ್ಲಿ ಕಾರು ಕಟ್ಟಿ, ಐವಿಎ ಪಾಸಾಗಿ, ನೋಂದಣಿಯೂ ಆಗಿ ಓಡಿಸುತ್ತಿದ್ದ ಒಬ್ಬರನ್ನು ಆಮೇಲೆ ಪತ್ತೆ ಮಾಡಿದೆ. ಹೇಳಿದ ಮೇಲೆ ಬಣ್ಣ ಕೆರೆದು ನೋಡಿದರು. ಅಲ್ಲೂ ಅದೇ ಗೆರೆ. ಅವರು ಕಾರನ್ನು ಅಂದೇ ನಿಲ್ಲಿಸಿದರು.

ಹಣ ವಾಪಸ್ ಕೇಳಿ ಪತ್ರ ಬರೆದ ಮೇಲೆ ಫೋನ್ ಎತ್ತುವುದು ನಿಂತಿತು, ನಂತರ ಲಿಕ್ವಿಡೇಟರ್, ಅಂದರೆ ಮುಳುಗಿದ ಕಂಪನಿಯ ಆಸ್ತಿ ಮಾರಿ ಬಾಕಿ ಬರಬೇಕಾದವರಿಗೆ ಹಂಚುವವರ ಕಡೆಯಿಂದ ಪತ್ರ ಬಂತು. ಬ್ರಿಟನ್ನಿನಲ್ಲಿ ಕಂಪನಿ ಮುಳುಗಿದಾಗ ಸರತಿ ಹೀಗಿರುತ್ತದೆ: ಆಸ್ತಿ ಅಡವಿಟ್ಟುಕೊಂಡ ಸಾಲದಾತ, ದಿವಾಳಿ ಪ್ರಕ್ರಿಯೆಯ ಖರ್ಚು, ನೌಕರರ ಸಂಬಳದ ಬಾಕಿ, 2020ರ ಡಿಸೆಂಬರಿನಿಂದ ವ್ಯಾಟ್‌ನಂಥ ತೆರಿಗೆ ಬಾಕಿ. ಮುಂಗಡ ಕೊಟ್ಟು ಕಾದ ನಮ್ಮಂಥವರು ಬಾಲದಲ್ಲಿ. ನಮ್ಮವರೆಗೆ ಏನೂ ಉಳಿಯುವಂತಿಲ್ಲ.

ನನಗೆ ಸ್ವಲ್ಪ ಹಣ ಮರಳಿದ್ದು 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ನಿನಿಂದ. ವಸ್ತುವಿನ ಬೆಲೆ 100 ಪೌಂಡಿಗಿಂತ ಹೆಚ್ಚು, 30,000 ಪೌಂಡ್ ಮೀರದಂತೆ ಇದ್ದು, ಅದರ ಒಂದು ಭಾಗವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ, ಮಾರಿದವನಷ್ಟೇ ಕಾರ್ಡ್ ಸಂಸ್ಥೆಯೂ ಇಡೀ ಬೆಲೆಗೆ ಹೊಣೆ. ಡೆಬಿಟ್ ಕಾರ್ಡಿಗೆ, ಬ್ಯಾಂಕ್ ವರ್ಗಾವಣೆಗೆ ಈ ರಕ್ಷಣೆ ಇಲ್ಲ. ಕೆಂಪು ಗೆರೆಗಳ ಫೋಟೋ, ಕತ್ತರಿಸಿದ ಬ್ರ್ಯಾಕೆಟ್, ಗೆಳೆಯರ ಲಿಖಿತ ವರದಿ ಸೇರಿಸಿ ಕೊಟ್ಟಿದ್ದರಿಂದ ಕಿಟ್‌ನ ಹಣ ಬಂತು. ಎಂಜಿನ್ ದುರಸ್ತಿಯದು ಬೇರೆ ಕರಾರು, ಬೇರೆ ಪಾವತಿ, ಅದು ಹೋಯಿತು.

ಇನ್ನು ನನ್ನ ಎಂಜಿನ್. ಅದು ಬೀಗ ಬಿದ್ದ ಶೆಡ್ಡಿನೊಳಗಿತ್ತು. ನಿಮ್ಮದೆಂದು ಸಾಬೀತು ಮಾಡಿ ಎಂದು ಲಿಕ್ವಿಡೇಟರ್ ಕೇಳಿದರು. ಡೋನರ್ ಕಾರಿನ ವಿ5ಸಿ, ಅಂದರೆ ಲಾಗ್‌ಬುಕ್, ನನ್ನ ಬಳಿಯೇ ಇತ್ತು. ಅದರಲ್ಲಿ ಎಂಜಿನ್ ಸಂಖ್ಯೆ ನಮೂದಾಗಿರುತ್ತದೆ. ಸಂಖ್ಯೆ ತಾಳೆಯಾಯಿತು, ಎಂಜಿನ್ ಕೊಟ್ಟರು. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ಅಂಥ ದಾಖಲೆ ಇಲ್ಲ. ಅಲ್ಲಿ ಅಂಥವು ಹಲವು ಬಿದ್ದಿದ್ದವು, ಯಾವುದು ಯಾರದೆಂದು ಹೇಳುವವರಿಲ್ಲ. ಯಾವ ಭಾಗವನ್ನು ಹೊರಗೆ ಕೊಟ್ಟರೂ ಕೊಡುವ ಮೊದಲು ಅದರ ಮೇಲೆ ಅಳಿಸಲಾಗದ ಗುರುತು ಹಾಕಿ, ಫೋಟೋ ತೆಗೆದು, ಸಹಿ ಮಾಡಿದ ರಸೀದಿ ಪಡೆಯಿರಿ. ನಷ್ಟ ಆ ಭಾಗಗಳ ಬೆಲೆಗೆ ಮುಗಿಯುವುದಿಲ್ಲ. ಹೊಸ ಕಿಟ್ ಚಾಸಿಯ ಜೊತೆ ಒಂದೇ ಡೋನರಿನ ಎರಡು ಮುಖ್ಯ ಭಾಗಗಳಾದರೂ ಇದ್ದರೆ ವಾಹನ ನೋಂದಣಿಯ ಸರ್ಕಾರಿ ಸಂಸ್ಥೆ ಡಿವಿಎಲ್‌ಎ ಆ ಡೋನರಿನ ವಯಸ್ಸಿಗೆ ತಕ್ಕ ನೋಂದಣಿ ಸಂಖ್ಯೆ ಕೊಡುತ್ತದೆ. ದಾಖಲೆ ಹೊಂದದಿದ್ದರೆ ಸಿಗುವುದು, ವಯಸ್ಸು ಅಥವಾ ಮೂಲ ಖಚಿತವಿಲ್ಲದ ವಾಹನಕ್ಕೆ ಕೊಡುವ ‘ಕ್ಯೂ’ ಅಕ್ಷರದ ಸಂಖ್ಯೆ. ಅಂಥ ಕಾರಿಗೆ ಮಾರಾಟದಲ್ಲೂ ವಿಮೆಯಲ್ಲೂ ತೊಡಕು. ಅರ್ಧ ಕಟ್ಟಿದ ಕಾರನ್ನು ಇನ್ನೊಬ್ಬರಿಂದ ಕೊಳ್ಳುವವರು ಡೋನರಿನ ವಿ5ಸಿ ಕೈಗೆ ಬರದೆ ಒಂದು ಪೌಂಡನ್ನೂ ಕೊಡಬಾರದು.

ಹಣ ಕೊಡುವ ಮೊದಲು ಕಂಪನಿಗಳ ಸರ್ಕಾರಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ನೋಡಿ, ಉಚಿತ. ಲೆಕ್ಕಪತ್ರ ಸಲ್ಲಿಕೆ ತಡವಾಗಿದೆಯೇ, ಇತ್ತೀಚೆಗೆ ಆಸ್ತಿ ಅಡವಾಗಿದೆಯೇ, ಅದೇ ನಿರ್ದೇಶಕರು ಹಿಂದೆ ಮುಚ್ಚಿದ ಕಂಪನಿಗಳೆಷ್ಟು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ನನಗೆ ಮಾರಿದವರ ಪುಟದಲ್ಲಿ ಮೂರೂ ಇದ್ದವು. ಆಮೇಲೆ ಚಾಸಿಯನ್ನು ಬಣ್ಣವಿಲ್ಲದೆ ಕೇಳಿ. ಬರಿಯ ಲೋಹದ ಮೇಲೆ ಬೆಸುಗೆ ನೋಡಿ, ಕರ್ಣಗಳನ್ನು ಅಳೆದು, ಡೈ ಪರೀಕ್ಷೆ ಮಾಡಿಸಿ, ನಂತರ ನೀವೇ ಕೋಟಿಂಗಿಗೆ ಕೊಡಿ. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ. ತಮ್ಮ ಕೆಲಸದ ಮೇಲೆ ಭರವಸೆಯಿರುವ ತಯಾರಕರು ಬಣ್ಣವಿಲ್ಲದ ಚಾಸಿಯನ್ನು ಸಂತೋಷದಿಂದಲೇ ಕೊಡುತ್ತಾರೆ. ಅಂಥ ಒಳ್ಳೆಯ ತಯಾರಕರು ಈ ದೇಶದಲ್ಲಿ ಇದ್ದಾರೆ. ಆಗುವುದಿಲ್ಲ ಎಂದವರ ಬಾಗಿಲಿಂದ ಹಿಂತಿರುಗಿ.

ಬೆಂಗಳೂರಿನಿಂದ ಕೇಳುವವರಿಗೆ ಪ್ರತ್ಯೇಕವಾಗಿ ಒಂದು ಮಾತು. ಭಾರತದಲ್ಲಿ ಐವಿಎಯಂಥ ದಾರಿ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಪ್ರತಿ ಮಾದರಿಯೂ ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆಗೊಳಗಾಗಬೇಕು. ಅದು ಕಾರು ತಯಾರಿಸುವ ಕಂಪನಿಗೆ ಸಾಧ್ಯ, ಮನೆಯ ಗ್ಯಾರೇಜಿಗಲ್ಲ. ಹಳೆಯ ಕಾರಿನ ಮೇಲೆ ಹೊಸ ದೇಹ ಕೂರಿಸುವ ಯೋಚನೆಯಿದ್ದರೆ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. “ಆರ್‌ಸಿ ನಾವೇ ಮಾಡಿಸಿಕೊಡುತ್ತೇವೆ” ಎನ್ನುವವರು ಯಾವುದೋ ಗುಜರಿ ಕಾರಿನ ಚಾಸಿ ಸಂಖ್ಯೆಯನ್ನು ನಿಮ್ಮ ಕಾರಿಗೆ ಕೂರಿಸುತ್ತಾರೆ. ಸಿಕ್ಕಿಬಿದ್ದಾಗ ಪೊಲೀಸ್ ಠಾಣೆಗೆ ಹೋಗಬೇಕಾದವರು ನೀವು.

ನನ್ನ ಚಾಸಿಯನ್ನು ಅರ್ಧ ಕಟ್ಟಿದ ಕಾರೆಂದು ಕೊಳ್ಳಲು ಇಬ್ಬರು ಮುಂದೆ ಬಂದಿದ್ದರು. ದೋಷ ಹೇಳಿದರೂ ಒಬ್ಬರು, ನಾನು ಮೇಲೊಂದು ಬೆಸುಗೆ ಹಾಕಿಕೊಳ್ಳುತ್ತೇನೆ ಎಂದರು. ಕೊಡಲಿಲ್ಲ. ಕಟ್ಟಿಂಗ್ ಡಿಸ್ಕಿನಿಂದ ತುಂಡು ತುಂಡು ಮಾಡಿ ಗುಜರಿಗೆ ಹಾಕಿದೆ. ಆದರೆ ಅದೇ ಶೆಡ್ಡಿನಿಂದ ಹೊರಬಿದ್ದ ಬೇರೆ ಚಾಸಿಗಳು ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಇನ್ನೂ ತಿರುಗುತ್ತಿರುತ್ತವೆ. ಮಿಡ್‌ಲ್ಯಾಂಡ್ಸ್ ಕಡೆ ಯಾರಾದರೂ ಕಿಟ್ ನೋಡಲು ಹೊರಟರೆ ನನಗೊಂದು ಮಾತು ತಿಳಿಸಿ. ಡೈ ಡಬ್ಬಿಗಳನ್ನು ಹಿಡಿದು ನಾನೂ ಗೆಳೆಯರೂ ಜೊತೆಗೆ ಬರುತ್ತೇವೆ, ಅದಕ್ಕೆ ಏನನ್ನೂ ಕೊಡಬೇಕಾಗಿಲ್ಲ.